ಬೀಳದ ಹರ್ಡಲ್ಲು

ಜೂನ್ 14

ಕೋಚ್ ಮೇಡಂ ಅವರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹೋದ ವಾರ ನಿಮ್ಮ ಕ್ರೀಡಾ ಹಾಸ್ಟೆಲಿಗೆ ಒಬ್ಬಳು ಹುಡುಗಿ ಬಂದು ಸೇರಿದಳಲ್ಲ, ಉದ್ದ ಕಾಲು, ಮೋಟು ಜಡೆ, ಏನಾದರೂ ಕೇಳಿದರೆ ಮೊದಲು ನೆಲ ನೋಡಿ ಆಮೇಲೆ ನಿಮ್ಮನ್ನು ನೋಡುತ್ತಾಳಲ್ಲ, ಅವಳ ಸೋದರಮಾವ ನಾನು. ಟ್ರಂಕು ಹೊತ್ತು ತಂದವನು. ನೀವು ನನ್ನನ್ನು ಸಾಮಾನು ಹೊರುವವನೆಂದು ತಿಳಿದು "ಅಲ್ಲಿಡಪ್ಪ" ಎಂದಿರಿ. ಇಟ್ಟೆ. ಬೇಜಾರೇನಿಲ್ಲ, ನೆನಪಿದೆ ಅಷ್ಟೇ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮ್ಮಂಥವರು "ಸರಿ ಸರಿ" ಎಂದು ಎರಡು ಮಾತಿಗೆ ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದದೆ ನಿಮಗೂ ಬೇರೆ ದಾರಿಯಿಲ್ಲ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಅಲ್ಲಿಂದ ಮುಂದೆ ಓದಿದ್ದೆಲ್ಲ ಕೈ. ಬಾಗಿಲು ಮಾಡುತ್ತೇನೆ. ಈ ಪಟ್ಟಣದಲ್ಲಿ ಕಿರುಗುಟ್ಟದೆ ತೆರೆಯುವ ಬಾಗಿಲು ಯಾವುದಾದರೂ ಇದ್ದರೆ ಅದು ನಾನು ಕೂರಿಸಿದ್ದು. ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ನನ್ನ ಬಾಗಿಲು ನಿಂತಿರುತ್ತದೆ. ಜನ ಅಭ್ಯಾಸಬಲದಿಂದ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತಾರೆ.

ಹುಡುಗಿಗೆ ಹಾಜರಿಯಲ್ಲಿ ಏನು ಹೆಸರಿದೆಯೋ ಅದು ನಿಮಗಿರಲಿ. ನಮಗೆ ಅವಳು ಮಿಡತೆ. ಅವಳಪ್ಪ ಲಾರಿ ಓಡಿಸುತ್ತಾನೆ, ಮನೆಗೆ ಬಂದಾಗ ನೆಂಟನ ಹಾಗೆ ಚಪ್ಪಲಿ ಎಲ್ಲಿಡಲಿ ಎಂದು ಕೇಳುತ್ತಾನೆ. ಅವಳಮ್ಮ, ಅಂದರೆ ನನ್ನ ಅಕ್ಕ, ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುತ್ತಾಳೆ. ನಾನು ಮದುವೆ ಗಿದುವೆ ಎಂಬ ಗೋಜಿಗೆ ಹೋಗದೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ಉಳಿದವನು. ಹೀಗಾಗಿ ಮಿಡತೆಯನ್ನು ಎತ್ತಿ ಆಡಿಸಿದ್ದು, ಶೂಗೆ ಗಂಟು ಹಾಕುವುದು ಕಲಿಸಿದ್ದು, ಬೆಳಿಗ್ಗೆ ಎಬ್ಬಿಸಿ ಓಡಿಸಿದ್ದು, ಎಲ್ಲ ಈ ಕೈ. ಶಾಲೆಯ ಪಂದ್ಯಗಳಲ್ಲಿ ಹರ್ಡಲ್ಸಿನ ಮೊದಲನೇ ಬಹುಮಾನ ನಮ್ಮ ಮನೆಯ ದಾರಿ ತಪ್ಪಿದ್ದೇ ಇಲ್ಲ. ಬಂದವರಿಗೆಲ್ಲ ಅಕ್ಕ ಬಹುಮಾನದ ಲೋಟದಲ್ಲೇ ನೀರು ಕೊಡುತ್ತಾಳೆ.

ಅಂದರೆ ಅವಳ ಮೊದಲ ಕೋಚ್ ನಾನು. ಇದನ್ನು ನೀವು ಎಲ್ಲೂ ಬರೆದಿಟ್ಟುಕೊಳ್ಳಬೇಕಿಲ್ಲ, ಮನಸ್ಸಿನಲ್ಲಿದ್ದರೆ ಸಾಕು. ಹೊಸದಾಗಿ ಏನೂ ಕಲಿಸಲು ಹೋಗಬೇಡಿ. ಬಾಗಿಲು ನಾನು ಕೂರಿಸಿ ಕಳಿಸಿದ್ದೇನೆ. ಮೇಲೊಂದು ಬಣ್ಣ ಬಳಿಯುವುದು ನಿಮ್ಮ ಕೆಲಸ.

ಇಂತಿ,
ಮಿಡತೆಯ ಮಾವ


ಜುಲೈ 2

ಹುಡುಗಿಯ ಸೋದರಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಟ್ರಂಕಿನ ವಿಷಯಕ್ಕೆ ಕ್ಷಮಿಸಿ. ಅಂದು ತುಂಬ ಮಕ್ಕಳು ಒಟ್ಟಿಗೆ ಬಂದಿದ್ದರು.

ಹುಡುಗಿಗೆ ಒಳ್ಳೆಯ ವೇಗವಿದೆ. ಆದರೆ ಪ್ರತಿ ಹರ್ಡಲ್ ಮೇಲೂ ಬೇಕಾದ್ದಕ್ಕಿಂತ ಬಹಳ ಎತ್ತರ ಹಾರುತ್ತಾಳೆ. ಗಾಳಿಯಲ್ಲಿ ಇದ್ದಷ್ಟು ಹೊತ್ತು ಓಟ ನಿಂತಂತೆಯೇ ಲೆಕ್ಕ. ಹೇಳಿದರೆ ತಲೆಯಾಡಿಸುತ್ತಾಳೆ, ಮತ್ತೆ ಅಷ್ಟೇ ಎತ್ತರ ಹೋಗುತ್ತಾಳೆ. ಹಿಂದೆ ಏನಾದರೂ ಪೆಟ್ಟಾಗಿತ್ತೇ? ಯಾವುದಕ್ಕಾದರೂ ಹೆದರುತ್ತಾಳೆಯೇ? ಊಟವನ್ನೂ ಅರ್ಧಕ್ಕೇ ಬಿಡುತ್ತಾಳೆ. ಮಾತಂತೂ ಇಲ್ಲವೇ ಇಲ್ಲ. ಮನೆಯಲ್ಲೂ ಹೀಗೆಯೇ?

ಶಾಲಾ ವರ್ಷದ ಕೊನೆಯಲ್ಲಿ ಇಲ್ಲಿ ಆಯ್ಕೆ ಓಟ ನಡೆಯುತ್ತದೆ. ಅದರಲ್ಲಿ ಗೊತ್ತುಮಾಡಿದ ವೇಗ ಮುಟ್ಟದ ಮಕ್ಕಳನ್ನು ಮನೆಗೆ ಕಳಿಸಿಬಿಡುತ್ತಾರೆ. ನಿಯಮ ನನ್ನದಲ್ಲ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ಹರ್ಡಲ್ಸ್ ಕೋಚ್


ಜುಲೈ 9

ಕೋಚ್ ಮೇಡಂ ಅವರಿಗೆ,

ಶಿಷ್ಯೆ ಎತ್ತರ ಹಾರುತ್ತಾಳೆ ಎಂದು ದೂರು ಬರೆದ ಕೋಚ್ ಲೋಕದಲ್ಲಿ ನೀವೊಬ್ಬರೇ ಇರಬೇಕು. ನಿಮ್ಮ ಕಾಗದವನ್ನು ಅಕ್ಕನಿಗೆ ಓದಿದೆ, ಪಕ್ಕದ ಮನೆಯವರಿಗೆ ಓದಿದೆ, ಮರದ ಡಿಪೋದ ಲೆಕ್ಕದವನು ಬೇಡ ಎಂದರೂ ಅವನಿಗೂ ಓದಿದೆ.

ಆ ಎತ್ತರ ಸುಮ್ಮನೆ ಬಂದದ್ದಲ್ಲ. ಡಿಪೋದ ಹಿಂದೆ ಖಾಲಿ ಜಾಗವಿದೆ. ಅಲ್ಲಿ ನಾನೇ ಹರ್ಡಲ್ಲು ಮಾಡಿ ನಿಲ್ಲಿಸಿದೆ. ಹಳೆ ಚೌಕಟ್ಟಿನ ಮರ, ಕಬ್ಬಿಣದಂಥದ್ದು. ನಾನು ಚಿತ್ರದಲ್ಲಿ ನೋಡಿದ ಹರ್ಡಲ್ಲಿಗೆ ಕಾಲು ಒಂದೇ ಕಡೆ ಇತ್ತು. ಮಾಡಿದವನಿಗೆ ಮರ ಸಾಲದೆ ಬಂದಿರಬೇಕು. ನಾನು ಮುಂದೊಂದು ಹಿಂದೊಂದು, ಎರಡೂ ಕಡೆಗೆ ಕಾಲು ಕೊಟ್ಟು, ಕಾಲಿನ ಮೇಲೆ ಕಲ್ಲು ಹೇರಿದೆ. ಒಮ್ಮೆ ಒಂದು ದನ ಬಂದು ಮೈ ಉಜ್ಜಿತು. ಉಜ್ಜಿ ಉಜ್ಜಿ ದನಕ್ಕೇ ಬೇಸರವಾಗಿ ಹೋಯಿತು, ಹರ್ಡಲ್ಲು ಅಲುಗಲಿಲ್ಲ.

ಪೆಟ್ಟಿನ ವಿಷಯ ಕೇಳಿದ್ದೀರಿ. ಶುರುವಿನಲ್ಲಿ ಒಂದು ಸಲ ಮಂಡಿ ತಗುಲಿತು. ಹರ್ಡಲ್ಲು ನಿಂತಿತು, ಅವಳು ಬಿದ್ದಳು. ಹೊಲಿಗೆ ಹಾಕಿಸಬೇಕಾಯಿತು, ಕಲೆ ನೋಡಿರುತ್ತೀರಿ. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆನಲ್ಲ, ಅಂದು ಪಂದ್ಯ ಇಟ್ಟಿದ್ದರೆ ಬಹುಮಾನ ನನಗೇ. ಅವಳಿಗೆ ಒಂದೇ ಮಾತು ಹೇಳಿದೆ. "ನೋಡು ಮಿಡತೆ, ಮರಕ್ಕೆ ಮೈ ತಾಗಬಾರದು. ತಾಗಿದರೆ ಮಾವನಿಗೆ ಅವಮಾನ." ಅಷ್ಟೇ ಮೇಡಂ. ಅಂದಿನಿಂದ ಅವಳು ಒಂದನ್ನೂ ಮುಟ್ಟಿದ್ದಿಲ್ಲ. ಕಲಿಸುವುದು ಎಂದರೆ ಹೀಗೆ.

ಇನ್ನು ಊಟ, ಹೆದರಿಕೆ, ಮಾತು ಎಂದೆಲ್ಲ ಕೇಳಿದ್ದೀರಿ. ನನಗೆ ಎಲ್ಲ ಗೊತ್ತು. ಗೊತ್ತಿಲ್ಲದೆ ಇರುತ್ತದೆಯೇ. ಆದರೆ ಅದನ್ನೆಲ್ಲ ಕಾಗದದಲ್ಲಿ ಕಟ್ಟಿ ಕಳಿಸಿಬಿಟ್ಟರೆ ಮಾವ ಎಂಬುವನೊಬ್ಬ ಯಾಕಿರಬೇಕು? ನೀವು ಓಟ ನೋಡಿಕೊಳ್ಳಿ.

ಇಂತಿ,
ಮೊದಲ ಕೋಚ್


ಆಗಸ್ಟ್ 20

ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಮೈದಾನಕ್ಕೆ ಹೋಗಿ ಅವಳ ಮಂಡಿ ನೋಡಿದೆ.

ಹರ್ಡಲ್ ಬೀಳಬೇಕು. ಬೀಳಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಓಡಿ ಬರುವವರ ಕಡೆಗೆ ಮಾತ್ರ ಕಾಲಿರುವುದು ಅದಕ್ಕೇ. ತಗುಲಿದರೆ ಅದು ಮುಂದಕ್ಕೆ ಮಲಗುತ್ತದೆ, ಓಡುವವರು ಮುಂದೆ ಹೋಗುತ್ತಾರೆ. ಓಡುವ ಭರದಲ್ಲಿ ಕಾಲು ತಗುಲಿ ಅದು ಬಿದ್ದರೆ ತಪ್ಪಿಲ್ಲ. ದೊಡ್ಡ ದೊಡ್ಡ ಓಟಗಾರರೂ ಬೀಳಿಸುತ್ತಾರೆ. ಅವಳ ತಲೆಗೆ ಇದು ಗೊತ್ತಿದೆ, ಕಾಲಿಗೆ ಗೊತ್ತಿಲ್ಲ. ಅವಳ ಕಾಲು ಇನ್ನೂ ನೀವು ಮಾಡಿದ ಹರ್ಡಲ್‌ಗಳ ಮೇಲೇ ಹಾರುತ್ತಿದೆ. ಅದು ಮಂಡಿಯ ಹೆದರಿಕೆ. ಹೋಗಲಾಡಿಸಬೇಕು.

ಈ ವಾರದಿಂದ ಕಾಲು ತಗುಲಿಸಿ ಬೀಳಿಸುವ ಅಭ್ಯಾಸ ಮಾಡಿಸುತ್ತಿದ್ದೇನೆ. ಮುಂದಿನ ವಾರ ಎರಡು ದಿನದ ರಜೆಗೆ ಮನೆಗೆ ಬರುತ್ತಾಳೆ. ದಯವಿಟ್ಟು ಆ ಡಿಪೋದ ಹಿಂದೆ ಓಡಿಸಬೇಡಿ.

ಹರ್ಡಲ್ಸ್ ಕೋಚ್


ಆಗಸ್ಟ್ 31

ಮೇಡಂ,

ನಾನು ಮಾಡಿದ ವಸ್ತು ಬೀಳಬೇಕಿತ್ತು ಎಂದು ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ನೀವೇ ಮೊದಲು. ನಾಳೆ ಬಾಗಿಲಿಗೂ ಹೇಳಿಬಿಡಿ, ತಟ್ಟಿದರೆ ಬೀಳಬೇಕು ಎಂದು.

ಹುಡುಗಿ ಬಂದು ಹೋದಳು. ಬಂದದ್ದು ಅವಳೊಬ್ಬಳೇ ಅಲ್ಲ, ನೀವೂ ಬಂದಿದ್ದಿರಿ. ಊಟಕ್ಕೆ ಕೂತರೆ "ನಮ್ಮ ಮೇಡಂ ನಿಧಾನ ಅಗೀಬೇಕು ಅಂತಾರೆ." ಮಲಗಿದರೆ "ನಮ್ಮ ಮೇಡಂ ಕಾಲು ದಿಂಬಿನ ಮೇಲಿಡು ಅಂತಾರೆ." ಕೊನೆಗೆ ನಾನು, "ಉಸಿರಾಡೋದಕ್ಕೆ ನಿಮ್ಮ ಮೇಡಂ ಏನೂ ಹೇಳಿಲ್ವೇನೇ?" ಎಂದೆ. "ಹೇಳಿದಾರೆ ಮಾವ. ಮೂಗಲ್ಲಿ ಎಳ್ಕೋ, ಬಾಯಲ್ಲಿ ಬಿಡು ಅಂತ" ಎಂದಳು. ತಮಾಷೆಗೆ ಕೇಳಿದ್ದು ನಾನು.

ಹೊಟ್ಟೆಕಿಚ್ಚು ಎಂದು ತಿಳಿಯಬೇಡಿ. ಬಡಗಿಗೆ ಎಲ್ಲಿಯ ಹೊಟ್ಟೆಕಿಚ್ಚು. ಅಕ್ಕ ಮಾತ್ರ ಕಾಲರು ಮಡಚುತ್ತಾ, "ಏನೋ, ಮುಖ ಮಳೆಗೆ ನೆಂದ ಬಾಗಿಲ ಥರ ಊದಿಕೊಂಡಿದೆ, ಚೌಕಟ್ಟಿಗೆ ಕೂರ್ತಾ ಇಲ್ವಲ್ಲ" ಎಂದಳು. "ಅಲ್ಲಿಗೆ ಕಳಿಸು ಕಳಿಸು ಅಂತ ಕುಣಿದವನು ನೀನೇ. ಈಗ ಅಲ್ಲಿ ಕಲೀತಾಳೆ ಅಂತ ಅಳ್ತೀಯಾ?"

ಡಿಪೋದ ಹಿಂದೆ ಓಡಿಸಬೇಡಿ ಎಂದಿದ್ದಿರಿ. ಓಡಿಸಲಿಲ್ಲ. ಸುಮ್ಮನೆ ಗಾಳಿ ಸೇವನೆಗೆ ಆ ಕಡೆ ಹೋದೆವು. "ಒಂದೇ ಒಂದು ಸಲ, ಮಾವನಿಗೋಸ್ಕರ" ಎಂದು ನಾನು ಕೇಳಲೇ ಇಲ್ಲ ಎಂದು ತಿಳಿಯಿರಿ. ಅವಳೂ "ಮೇಡಂ ಬೇಡ ಅಂದಿದಾರೆ" ಎಂದು ಹೇಳಲಿಲ್ಲ ಎಂದು ತಿಳಿಯಿರಿ. ಹರ್ಡಲ್ಲಿನ ಮೇಲೆ ಕೂತು ಕಾಲಾಡಿಸುತ್ತಾ ಬಾಳೆಹಣ್ಣು ತಿಂದಳು. ನೋಡಿ ಮೇಡಂ, ಆಳು ಕೂತರೂ ಬೀಳದು.

ಇಂತಿ,
ಮಿಡತೆಯ ಮಾವ


ಅಕ್ಟೋಬರ್ 6

ನಮಸ್ಕಾರ.

ಪೋಷಕರ ಭಾನುವಾರ ನೀವು ಇಲ್ಲಿಗೆ ಬಂದು ಹೋದ ಮೇಲೆ ಇದನ್ನು ಬರೆಯಲೇಬೇಕಾಗಿದೆ.

ವಾರಗಟ್ಟಲೆ ಕಷ್ಟಪಟ್ಟು ಅವಳ ಎತ್ತರವನ್ನು ಸ್ವಲ್ಪ ತಗ್ಗಿಸಿದ್ದೆ. ನೀವು ಬೇಲಿಯ ಹತ್ತಿರ ನಿಂತು ಸಿಳ್ಳೆ ಹೊಡೆದು "ಮೇಲೆ ಮಿಡತೆ, ಮೇಲೆ" ಎಂದು ಕೂಗಿದಿರಿ. ಎಲ್ಲ ನೀರುಪಾಲಾಯಿತು. ಅಂದು ಅವಳು ಹಾರಿದ ಎತ್ತರಕ್ಕೆ ಬೇರೆ ಪೋಷಕರು ಚಪ್ಪಾಳೆ ಹೊಡೆದರು. ಓಟದಲ್ಲಿ ಅವಳೇ ಕೊನೆ.

ಅದಾದರೂ ಸರಿ. ನೀವು ಹೋದ ಮೇಲೆ ಸಂಜೆ ನೋಡಿದರೆ ಮೈದಾನದ ಎರಡು ಹರ್ಡಲ್‌ಗಳಿಗೆ ಹಿಂದುಗಡೆ ಮರದ ಕಾಲು ಕೂತಿದೆ. ಚೊಕ್ಕಟವಾಗಿ ಉಜ್ಜಿ, ಕಬ್ಬಿಣಕ್ಕೆ ಪಟ್ಟಿ ಬಿಗಿದು ಕೂರಿಸಿದ ಕಾಲು. ಯಾರ ಕೆಲಸ ಎಂದು ಕೇಳಬೇಕಾಗಿಯೇ ಇರಲಿಲ್ಲ. ಅದು ನನ್ನ ಕಣ್ಣಿಗೆ ಬೀಳದೆ ಇದ್ದಿದ್ದರೆ ಮಾರನೆ ದಿನ ಯಾರದೋ ಮಂಡಿ ಹೋಗುತ್ತಿತ್ತು. ಅವಳದೇ ಆಗಿರಬಹುದಿತ್ತು.

ಆಯ್ಕೆ ಓಟ ಮುಗಿಯುವವರೆಗೆ ನೀವು ಮೈದಾನಕ್ಕೆ ಬರಬೇಡಿ.

ಹರ್ಡಲ್ಸ್ ಕೋಚ್


ಅಕ್ಟೋಬರ್ 10

ಮೇಡಂ,

ಗಾಳಿಗೆ ಅಲ್ಲಾಡುತ್ತಿದ್ದವು, ಸರಿ ಮಾಡಿದೆ. ಕೂಲಿ ಕೇಳಲಿಲ್ಲ, ಪಟ್ಟಿ ನನ್ನ ಚೀಲದ್ದೇ. ಉಪಕಾರ ಮಾಡಿದವನನ್ನು ಬೇಲಿಯಾಚೆ ಹಾಕುವುದು ನಿಮ್ಮ ಹಾಸ್ಟೆಲಿನ ಪದ್ಧತಿಯಾದರೆ ನಮ್ಮ ಹುಡುಗಿ ಅಲ್ಲಿ ಕಲಿಯುವುದು ಏನೂ ಇಲ್ಲ.

ಅವಳನ್ನು ಕರೆದುಕೊಂಡು ಬರುತ್ತೇನೆ. ಶಾಲೆ ಇಲ್ಲೂ ಇದೆ, ಜಾಗ ಇಲ್ಲೂ ಇದೆ, ಕೋಚ್ ಇಲ್ಲೂ ಇದ್ದಾನೆ. ಒಪ್ಪಿಗೆಗೆ ಅಕ್ಕನ ಸಹಿ ಬೇಕು ಎನ್ನುತ್ತೀರಿ. ಅದು ನನ್ನ ಜೇಬಿನಲ್ಲಿದೆ.

ಟ್ರಂಕು ಸಿದ್ಧವಾಗಿರಲಿ.

ಅವಳ ಮಾವ


ನವೆಂಬರ್ 3

ಮೇಡಂ,

ಉತ್ತರವಿಲ್ಲ. ಅಂಚೆಯವನನ್ನು ಬೈದೆ, ಪಾಪ, ಅವನು ತನ್ನ ಚೀಲವನ್ನೇ ಕೊಡವಿ ತೋರಿಸಿದ. ಹುಡುಗಿಯಿಂದಲೂ ಕಾಗದವಿಲ್ಲ. ಮೊದಲೆಲ್ಲ ಎರಡು ಸಾಲಾದರೂ ಬರೆಯುತ್ತಿದ್ದಳು, ಕೊನೆಗೊಂದು ಮಿಡತೆಯ ಚಿತ್ರ ಇರುತ್ತಿತ್ತು.

ಜೇಬಿನಲ್ಲಿದೆ ಎಂದಿದ್ದ ಸಹಿ ಸದ್ಯಕ್ಕೆ ಅಕ್ಕನ ಕೈಯಲ್ಲೇ ಇದೆ. ಕೇಳಿದೆ. ಹೊಲಿಗೆ ಯಂತ್ರ ನಿಲ್ಲಿಸದೆ, "ನೀನು ಅವಳನ್ನ ಓಡೋದಕ್ಕೆ ಸಾಕಿದ್ದೋ, ಕಟ್ಟಿಹಾಕೋದಕ್ಕೆ ಸಾಕಿದ್ದೋ, ಮೊದಲು ಅದನ್ನ ಹೇಳು" ಎಂದಳು. ನಾನು ಬಟ್ಟೆ ಕಾರ್ಖಾನೆಯವರ ಜೊತೆ ವಾದ ಮಾಡುವುದಿಲ್ಲ. ಮಾತಿಗೆ ಮಾತು ಹೊಲಿದುಬಿಡುತ್ತಾರೆ.

ಅವಳು ಚೆನ್ನಾಗಿದ್ದಾಳೆಯೇ, ಅಷ್ಟನ್ನಾದರೂ ಬರೆಯಿರಿ.


ನವೆಂಬರ್ 26

ನಮಸ್ಕಾರ.

ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಬರೆಯಬೇಕಿತ್ತು. ಬರೆಯದೆ ಇದ್ದದ್ದು ಕೋಪಕ್ಕೆ. ಎರಡು ಕಾಗದ ಬರೆದು ಹರಿದೆ.

ಓಟ ಮಾತ್ರ ಚೆನ್ನಾಗಿಲ್ಲ. ಹೀಗೇ ಓಡಿದರೆ ಆಯ್ಕೆಯಾಗುವುದಿಲ್ಲ. ನಿಮ್ಮ ಕಾಗದ ಕೈಯಲ್ಲಿ ಹಿಡಿದುಕೊಂಡೇ ಒಂದು ದಿನ ಅವಳನ್ನು ಕರೆದು, "ಮನೆಗೆ ಹೋಗುತ್ತೀಯಾ?" ಎಂದು ಕೇಳಿದೆ. ನೆಲ ನೋಡಿದಳು. ತುಂಬ ಹೊತ್ತು ನೋಡಿದಳು. ಎದ್ದು ಹೋಗೋಣ ಎನ್ನುವಷ್ಟರಲ್ಲಿ ಹೇಳಿದಳು, "ಹರ್ಡಲ್ ಬೀಳಿಸಿದ್ರೆ ಮಾವನಿಗೆ ಅವಮಾನ."

ನಾನು ಇಷ್ಟು ತಿಂಗಳು ಅವಳ ಮಂಡಿಯನ್ನು ನೋಡುತ್ತಿದ್ದೆ. ನೋಯುತ್ತದೆಯಾ, ಹೆದರಿಕೆಯಾ ಎಂದು ದಿನಾ ಕೇಳುತ್ತಿದ್ದೆ. ಮಂಡಿಗೆ ಏನೂ ಆಗಿಲ್ಲ. ಅವಳಿಗೆ ಬೀಳುವ ಹೆದರಿಕೆಯೇ ಇಲ್ಲ. ನಿಮ್ಮ ಮುಖ ಸಪ್ಪಗಾದೀತು ಎಂಬ ಹೆದರಿಕೆ, ಅದೂ ನೀವು ಇಲ್ಲದ ಊರಿನಲ್ಲಿ.

ಇನ್ನೊಂದು ವಿಷಯ. ಬರಬೇಡಿ ಎಂದು ಬರೆದೆನಲ್ಲ, ಅದಕ್ಕೆ ಆ ಮರದ ಕಾಲುಗಳು ಅರ್ಧ ಕಾರಣ. ಉಳಿದರ್ಧ, ನೀವು ಸಿಳ್ಳೆ ಹೊಡೆದಾಗ ಅವಳು ನಕ್ಕಳು. ನನ್ನ ಹತ್ತಿರ ಬಂದ ಮೇಲೆ ಅವಳು ನಕ್ಕಿದ್ದು ನಾನು ಅದೇ ಮೊದಲು ನೋಡಿದ್ದು. ಬೆಳಗಿನ ಜಾವ ಎಬ್ಬಿಸುವವಳು ನಾನು, ಕಾಲಿಗೆ ಐಸು ಇಡುವವಳು ನಾನು, ಜ್ವರ ಬಂದರೆ ಪಕ್ಕದಲ್ಲಿ ಕೂರುವವಳು ನಾನು. ಬೇಲಿಯಾಚೆಯಿಂದ ಒಂದು ಸಿಳ್ಳೆ ಬಂದರೆ ಹುಡುಗಿ ನಗುತ್ತಾಳೆ. ನನಗೆ ಹೊಟ್ಟೆ ಉರಿಯಿತು.

ಬೀಳಿಸು ಎಂದು ನಾನು ಹೇಳಿದರೆ ಅದು ಪಾಠ. ನೀವು ಹೇಳಿದರೆ ಮಾತ್ರ ಅವಳು ಬೀಳಿಸುತ್ತಾಳೆ. ಯಾವ ಭಾನುವಾರ ಬೇಕಾದರೂ ಬನ್ನಿ. ಬರದೆ ಅವಳನ್ನು ಕರೆದುಕೊಂಡೇ ಹೋಗುತ್ತೀರಾದರೆ, ಅದಕ್ಕೂ ಅಡ್ಡ ಬರುವುದಿಲ್ಲ.

ಹರ್ಡಲ್ಸ್ ಕೋಚ್


ಡಿಸೆಂಬರ್ 2

ಮೇಡಂನವರಿಗೆ,

ನಿಮ್ಮ ಹೊಟ್ಟೆ ಉರಿದ ಸಾಲನ್ನು ಅಕ್ಕನಿಗೆ ಮೂರು ಸಲ ಓದಿ ಹೇಳಿದೆ. ಮೂರನೇ ಸಲಕ್ಕೆ ಅಭಿನಯವನ್ನೂ ಸೇರಿಸಿದೆ.

ಅದಕ್ಕೂ ಮೇಲಿನ ಸಾಲು, ಅವಳು ನೆಲ ನೋಡಿ ಹೇಳಿದ ಮಾತು, ಅದನ್ನು ಓದಲಿಲ್ಲ. ಅಕ್ಕ ಕಾಗದ ಕಿತ್ತುಕೊಂಡು ತಾನೇ ಓದಿದಳು. ಓದಿ, ಮಡಚಿ, ನನ್ನ ಕೈಗಿಟ್ಟು ಹೋದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಬರುವ ಭಾನುವಾರ ಬರುತ್ತೇನೆ. ಚೀಲದಲ್ಲಿ ಸುತ್ತಿಗೆ ಇರುವುದಿಲ್ಲ, ಬೇಕಾದರೆ ಗೇಟಿನಲ್ಲಿ ನೋಡಿಸಿ.

ಮಿಡತೆಯ ಮಾವ


ಡಿಸೆಂಬರ್ 14

ಮೇಡಂನವರಿಗೆ,

ಬೆನ್ನು ನೋವು ಇಳಿಯಲಿ ಎಂದು ಕಾದು ಇಷ್ಟು ದಿನದ ಮೇಲೆ ಬರೆಯುತ್ತಿದ್ದೇನೆ.

ಬಾಯಲ್ಲಿ ಹೇಳೋಣ ಎಂದೇ ಬಂದಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೂ ಇದ್ದೆ. ಆದರೆ ಅವಳು ಗೇಟಿನ ಹತ್ತಿರ ಬಂದು, "ಮಾವ, ನನ್ನನ್ನ ಕರ್ಕೊಂಡು ಹೋಗೋದಕ್ಕೆ ಬಂದ್ಯಾ?" ಎಂದು ಕೇಳಿದಳಲ್ಲ, ಆ ಮುಖ ನೋಡಿ ಜೋಡಿಸಿದ್ದೆಲ್ಲ ಕಳಚಿತು. ಬಾಯಿಗೆ ಮಾತು ಬರದಿದ್ದಾಗ ನಾನು ಕೈ ಬಳಸುವವನು. ಅಂದು ಕಾಲು ಬಳಸಬೇಕಾಯಿತು. ಪ್ಯಾಂಟು ಮಡಚಿ ಓಡಿದ್ದು ನೀವೇ ನೋಡಿದ್ದೀರಿ. ಮೊದಲನೆಯದು ಬೀಳಿಸಿದೆ, ಎರಡನೆಯದು ಬೀಳಿಸಿದೆ, ಒಂದನ್ನೂ ಬಾಕಿ ಉಳಿಸಲಿಲ್ಲ. ಕೊನೆಯದರ ಜೊತೆ ನಾನೂ ಮಲಗಿದೆ. ನಿಮ್ಮ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ಇಷ್ಟು ಅಚ್ಚುಕಟ್ಟಾಗಿ ಪೂರ್ತಿ ಸಾಲನ್ನು ಬೀಳಿಸಿದವನು ನಿಮ್ಮ ಮೈದಾನದಲ್ಲಿ ಹಿಂದೆ ಹುಟ್ಟಿಲ್ಲ. ಮಲಗಿದ ಕಡೆಯಿಂದಲೇ ಅವಳಿಗೆ ಹೇಳಿದೆ, "ನೋಡಿದ್ಯಾ, ಮಾವನಿಗೆ ಏನೂ ಅವಮಾನ ಆಗ್ಲಿಲ್ಲ. ಸೊಂಟ ಮಾತ್ರ ಹೋಯ್ತು. ಈಗ ನೀನು ಬೀಳಿಸು."

ಮಲಗಿದ್ದಾಗ ಆ ಹರ್ಡಲ್ಲನ್ನು ಹತ್ತಿರದಿಂದ ನೋಡಿದೆ. ಬೀಳುವ ಹಾಗೆ ತೂಕ ಕೂರಿಸಿದ್ದಾರೆ. ನಾನು ಮಾಡಿದ್ದರೆ ಇನ್ನೂ ಚೆನ್ನಾಗಿ ಬೀಳುತ್ತಿತ್ತು.

ಆಮೇಲೆ ಅವಳು ಓಡಿದಳು. ಮೊದಲನೆಯದಕ್ಕೆ ಕಾಲು ತಗುಲಿ ಅದು ಠಪ್ಪೆಂದು ಮಲಗಿತು. ನನ್ನ ಎದೆ ಒಮ್ಮೆ ಹಾರಿತು, ಅವಳು ಹಾರಲಿಲ್ಲ. ಸುಮ್ಮನೆ ದಾಟಿ ದಾಟಿ ಹೋದಳು. ಹಾಗೆ ಓಡುವ ಹುಡುಗಿಯನ್ನು ನಾನು ಹಿಂದೆ ನೋಡಿರಲಿಲ್ಲ. ಕೊನೆ ಮುಟ್ಟಿ ತಿರುಗಿದಾಗ ನಾನು ಎರಡೂ ಕೈ ಎತ್ತಿ ನಿಂತಿದ್ದೆ. ಅವಳು ತಿರುಗಿ ನೋಡಿದ್ದು ನಿಮ್ಮನ್ನು.

ಅಕ್ಕನಿಗೆ, ಸೂರ್ಯ ನನ್ನ ಹಿಂದೆ ಇದ್ದ, ಅವಳ ಕಣ್ಣಿಗೆ ಬಿಸಿಲು ಹೊಡೆದಿರಬೇಕು ಎಂದು ಹೇಳಿದೆ. ಅಕ್ಕ, "ಸೂರ್ಯ ಬೇರೆಲ್ಲೂ ಹೋಗದೆ ನಿನ್ನ ಹಿಂದೇನೇ ಬಂದು ನಿಂತನಾ?" ಎಂದಳು.

ಆಯ್ಕೆ ಓಟಕ್ಕೆ ನನ್ನನ್ನು ಕಾಯಬೇಡಿ. ಹೊಸ ಮನೆಯೊಂದರ ಬಾಗಿಲುಗಳೆಲ್ಲ ನನ್ನ ತಲೆಯ ಮೇಲಿವೆ.

ಮಿಡತೆಯ ಮಾವ


ಫೆಬ್ರವರಿ 24

ಮಾವನವರಿಗೆ ನಮಸ್ಕಾರ.

ಹುಡುಗಿ ಉಳಿದುಕೊಂಡಳು. ಕೂದಲೆಳೆಯಷ್ಟರಲ್ಲಿ. ಎರಡು ಹರ್ಡಲ್ ಬೀಳಿಸಿದಳು, ಎರಡರಲ್ಲೂ ಕಾಲು ತಡವರಿಸಲಿಲ್ಲ. ಪಟ್ಟಿಯಲ್ಲಿ ಕೊನೆಯ ಹೆಸರು ಅವಳದು, ಆದರೆ ಪಟ್ಟಿಯಲ್ಲಿದೆ. ಅವಳಮ್ಮನಿಗೆ ಮೊದಲು ತಿಳಿಸಿ.

ಓಟ ಮುಗಿದ ಮೇಲೆ ನಾನು ಟವೆಲ್ ಹಿಡಿದು ನಿಂತಿದ್ದೆ. ಅವಳು ನನ್ನನ್ನು ದಾಟಿಕೊಂಡು ಬೇಲಿಯ ಉದ್ದಕ್ಕೂ ಹೋಗಿ ಒಬ್ಬೊಬ್ಬರ ಮುಖವನ್ನೂ ನೋಡಿ ಬಂದಳು. "ಮಾವ ಬಂದಿಲ್ವಾ?" ಎಂದಳು. ಕೆಲಸವಿದೆಯಂತೆ ಎಂದೆ. "ಕೆಲಸ ಇದ್ರೂ ಬರ್ತಾರೆ ನಮ್ಮ ಮಾವ. ನೀವೇ ಬೇಡ ಅಂದಿರಬೇಕು" ಎಂದವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಗೆಲ್ಲಿಸಿದವಳು ನಾನು ಎಂದು ಹೇಳಿಕೊಳ್ಳಬೇಕೆನಿಸಿತು. ಹೇಳಲಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಿ.

ಇನ್ನು ಬೇಸಿಗೆ ರಜೆಯ ವಿಷಯ. ಪಟ್ಟಿಯಲ್ಲಿ ಕೊನೆಯಲ್ಲಿರುವ ಮಕ್ಕಳಿಗೆ ರಜೆಯಲ್ಲೂ ಶಿಬಿರವಿದೆ. ಹಾಸ್ಟೆಲ್ ಮುಚ್ಚಿರುತ್ತದೆ, ಹಾಗಾಗಿ ಅವಳು ನನ್ನ ಮನೆಯಲ್ಲೇ ಇರಬೇಕಾಗುತ್ತದೆ. ಅವಳನ್ನು ಕೇಳಿದೆ. ನೆಲ ನೋಡಿದಳು. ಒತ್ತಾಯ ಮಾಡದೆ ನಾನು ಎದ್ದು ಬಂದೆ. ಇಡೀ ರಜೆ ಅವಳನ್ನು ನಿಮ್ಮಿಂದ ತಪ್ಪಿಸುತ್ತಿದ್ದೇನೆ ಎಂದು ಗೊತ್ತು. ಬೇಡ ಎಂದರೆ ಅರ್ಥ ಮಾಡಿಕೊಳ್ಳುತ್ತೇನೆ.

ಹೂಂ ಎಂದರೆ, ಬಂದ ಹೊಸದರಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ಅವಳಿಗೆ ಊಟ ಮಾಡಿಸುವುದು ಹೇಗೆ? ಸುಮ್ಮನಿದ್ದರೆ ಏನರ್ಥ? ಅವಳನ್ನು ನಗಿಸುವುದು ಹೇಗೆ?

ಹರ್ಡಲ್ಸ್ ಕೋಚ್


ಮಾರ್ಚ್ 5

ತಂಗಿಯವರಿಗೆ,

ಮೇಡಂ ಎಂದು ಬರೆದು ಬರೆದು ಸಾಕಾಗಿದೆ, ವಯಸ್ಸಿನಲ್ಲಿ ಚಿಕ್ಕವರು, ತಂಗಿ ಎನ್ನುತ್ತೇನೆ. ಬೇಜಾರಾದರೆ ಮನಸ್ಸಿನಲ್ಲಿಟ್ಟುಕೊಳ್ಳಿ.

ಇದರ ಜೊತೆ ಅಕ್ಕನ ಸಹಿ ಇದೆ. ಈ ಸಲ ನಿಜವಾಗಿಯೂ ಇದೆ. ಕೇಳಿದ ಕೂಡಲೇ ಹಾಕಿದಳು, ಹಾಕಿ ನನ್ನ ಮುಖ ನೋಡಿದಳು. "ಏನು ನೋಡ್ತೀಯಾ, ಮಳೆ ಇಲ್ಲ, ಬಾಗಿಲು ಊದಿಲ್ಲ" ಎಂದೆ. ನೀವು ನನ್ನನ್ನು ತಡೆಯಲಿಲ್ಲ ಎಂದು ಹುಡುಗಿಗೆ ಬೇರೆ ಕಾಗದದಲ್ಲಿ ಬರೆದಿದ್ದೇನೆ. ಆಯ್ಕೆ ಓಟದ ದಿನ ಬಾಗಿಲಿನ ಕೆಲಸ ಎಷ್ಟಿತ್ತು ಎಂದು ಮಾತ್ರ ನೀವಿಬ್ಬರೂ ಕೇಳಬಾರದು.

ಕೇಳಿದ್ದಕ್ಕೆ ಹೇಳುತ್ತೇನೆ, ಮನಸ್ಸಿಟ್ಟು ಓದಿ. ಅವಳು ಹಸಿವು ಎಂದು ಬಾಯಿಬಿಟ್ಟು ಹೇಳುವವಳಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ಮುಚ್ಚುತ್ತಾಳೆ, ಆಗ ತಿಳಿಯಬೇಕು. ಎದುರಿಗೆ ಕೂತು ಬಡಿಸಿದರೆ ಅರ್ಧಕ್ಕೇ ಏಳುತ್ತಾಳೆ. ಪಕ್ಕದಲ್ಲಿ ಕೂತು ನೀವೂ ತಿನ್ನಿ, ಅವಳ ತಟ್ಟೆ ನೋಡಬೇಡಿ, ಪೂರ್ತಿ ಖಾಲಿಯಾಗುತ್ತದೆ. ಕೋಪ ಬಂದರೆ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ, ಹೆಣೆದು ಮುಗಿಯುವ ತನಕ ಮಾತಾಡಿಸಬಾರದು. ಗುಡುಗಿಗೆ ಹೆದರುವುದಿಲ್ಲ, ಬಲೂನಿಗೆ ಹೆದರುತ್ತಾಳೆ. ಮಲಗುವಾಗ ಪಾದ ಹೊದಿಕೆಯಿಂದ ಹೊರಗಿರುತ್ತದೆ, ಪಾಪ ಎಂದು ಮುಚ್ಚಲು ಹೋಗಬೇಡಿ, ಎದ್ದು ಕೂರುತ್ತಾಳೆ. ಅವಳೆದುರು ಹೊಗಳಬೇಡಿ. ಹೊಗಳಿದ ಮಾರನೆ ದಿನ ಕಾಲು ಭಾರವಾಗುತ್ತದೆ ಅವಳಿಗೆ. ನನಗೆ ಹೊಗಳದೆ ಇರಲಾಗುತ್ತಿರಲಿಲ್ಲ, ಅದಕ್ಕೇ ಊರವರ ಹತ್ತಿರ ಹೊಗಳಿಕೊಂಡು ತಿರುಗಿದೆ. ಜನ ನನ್ನನ್ನೇ ನಾನು ಹೊಗಳಿಕೊಳ್ಳುತ್ತೇನೆ ಎಂದುಕೊಂಡರು. ಅದೂ ಸ್ವಲ್ಪ ಇತ್ತು.

ಮುಖ್ಯವಾದದ್ದು ಇನ್ನೊಂದು. ಏನಾದರೂ ಕೇಳಿದಾಗ ನೆಲ ನೋಡಿದರೆ ಅದು ಇಲ್ಲ ಎಂದಲ್ಲ. ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿರುತ್ತಾಳೆ. ನೀವು ಅವಸರ ಮಾಡಿ ಎದ್ದುಹೋಗುತ್ತೀರಿ. ಕೂತಿರಬೇಕು. ರಜೆಗೆ ನಿಮ್ಮ ಮನೆಗೆ ಬರುತ್ತೀಯಾ ಎಂದು ಕೇಳಿದಾಗಲೂ ನೆಲ ನೋಡಿದಳು ಎಂದು ಬರೆದಿದ್ದೀರಿ. ನಿಮಗೆ ಅದರ ಅರ್ಥವಾಗಲಿಲ್ಲ. ನನಗೆ ಇಲ್ಲಿ ಕೂತೇ ಆಯಿತು. ಬರಬೇಕೆಂದು ಅವಳಿಗೂ ಆಸೆ ಇದೆ.

ನಗಿಸುವುದು ಹೇಗೆ ಎಂದೂ ಕೇಳಿದ್ದೀರಿ. ಗೊತ್ತು. ಹೇಳುವುದಿಲ್ಲ. ಇಷ್ಟೆಲ್ಲ ಕೊಟ್ಟಿದ್ದೇನೆ, ಅದೊಂದು ನನ್ನ ಹತ್ತಿರ ಇರಲಿ. ಬೇಕಿದ್ದರೆ ರಜೆ ಪೂರ್ತಿ ಇದೆ, ನೀವೇ ಹುಡುಕಿಕೊಳ್ಳಿ.

ಸಿಕ್ಕರೆ ನನಗೆ ಬರೆಯಬೇಡಿ.

ಮಿಡತೆಯ ಮಾವ